ದುಬಾರಿ ಮಾಲು ಹಾಕುವ ಲಾರಿಗಳಿಗೆ ಭದ್ರತಾ ಸರ್ಟಿಫಿಕೇಟ್: ನಮ್ಮ ಕಡೆಯ ಮಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹದಿನಾಲ್ಕು ವರ್ಷ ಗಾಡಿ ಕಳಿಸುವ ಟೇಬಲ್ ನೋಡಿಕೊಂಡಿದ್ದೆ. ಈಗ ಈ ಸರ್ಟಿಫಿಕೇಟಿನ ಆಡಿಟ್‌ಗೆ ಹೊರಟ ಲಾರಿ ಮಾಲಕರಿಗೆ ಫೈಲು, ಗಾಡಿ, ಡ್ರೈವರ್ ಮೂರನ್ನೂ ತಯಾರು ಮಾಡಿಕೊಡುವುದು ನನ್ನ ಕೆಲಸ. ಗೋಕುಲ ರೋಡು, ತಾರಿಹಾಳ, ಧಾರವಾಡದ ಬೇಲೂರು, ಗದಗ, ರಾಣೇಬೆನ್ನೂರು, ಬ್ಯಾಡಗಿ ಎಲ್ಲಿ ಹೋದರೂ ಚಹಾದ ಜೊತೆ ಇವೇ ಪ್ರಶ್ನೆಗಳು ಬರುತ್ತವೆ. ಒಂದೊಂದು ಸಲ ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಕಂಪನಿಯವರು "ಟ್ಯಾಪಾ ಇದೆಯಾ" ಅಂತ ಕೇಳ್ತಾರೆ. ಏನದು?

ಟ್ರಾನ್ಸ್‌ಪೋರ್ಟೆಡ್ ಅಸೆಟ್ ಪ್ರೊಟೆಕ್ಷನ್ ಅಸೋಸಿಯೇಷನ್ ಅನ್ನೋ ಸಂಘದ ಚಿಕ್ಕ ಹೆಸರು ಟ್ಯಾಪಾ. 1997ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಆಗ ಕಂಪ್ಯೂಟರ್ ಬಿಡಿಭಾಗ, ಚಿಪ್ಪು ತುಂಬಿದ ಲಾರಿಗಳು ದಾರಿಯಲ್ಲೇ ಮಾಯ ಆಗುತ್ತಿದ್ದವು. ಮಾಲಿನ ಕಂಪನಿಗಳೂ ಸಾಗಿಸುವವರೂ ಕೂತು "ಇಷ್ಟಿದ್ದರೆ ಮಾತ್ರ ನಮ್ಮ ಮಾಲು ಕೊಡ್ತೀವಿ" ಅಂತ ನಿಯಮ ಬರೆದುಕೊಂಡರು. ಇವತ್ತು ಅದರಲ್ಲಿ ಗೋದಾಮಿಗೆ ಎಫ್‌ಎಸ್‌ಆರ್, ಲಾರಿ ಸಾಗಾಟಕ್ಕೆ ಟಿಎಸ್‌ಆರ್, ಗಾಡಿ ನಿಲ್ಲಿಸುವ ಜಾಗಕ್ಕೆ ಪಿಎಸ್‌ಆರ್ ಅಂತ ಬೇರೆ ಬೇರೆ ನಿಯಮಗಳಿವೆ. ನಮ್ಮ ಭಾರತ ಏಷ್ಯಾ ಪೆಸಿಫಿಕ್ ವಿಭಾಗಕ್ಕೆ ಬರುತ್ತದೆ.

ಲಾರಿಯವರಿಗೆ ಬೇಕಾದದ್ದು ಟಿಎಸ್‌ಆರ್. ಅದನ್ನು ಮೂರು ವರ್ಷಕ್ಕೊಮ್ಮೆ ತಿದ್ದುತ್ತಾರೆ. 2020ರದ್ದು ಹೋಗಿ 2023ರದ್ದು ಬಂತು. ಹಾಗಾಗಿ ಯಾರಾದರೂ ಹಳೆಯ ಪಟ್ಟಿ ಜೆರಾಕ್ಸ್ ಕೊಟ್ಟರೆ ಮೊದಲು ಮೇಲಿನ ಇಸವಿ ನೋಡಿ.

ಇದು ಸರಕಾರದ ಕಾನೂನಾ? ಇಲ್ಲದಿದ್ದರೆ ಆರ್‌ಟಿಒ ಹಿಡಿತಾರಾ?

ಇಲ್ಲ. ಇದು ಗಿರಾಕಿ ಕೇಳುವ ಸರ್ಟಿಫಿಕೇಟ್. ಮೊಬೈಲ್, ಔಷಧಿ, ಸಿಗರೇಟು, ಎಲೆಕ್ಟ್ರಾನಿಕ್ಸ್ ಕಂಪನಿಗಳು ಟೆಂಡರಿನಲ್ಲಿ ಒಂದು ಸಾಲು ಹಾಕಿರುತ್ತಾರೆ, ಅಷ್ಟೇ.

ಕಾನೂನಿನ ಪ್ರಕಾರ ಬೇಕಾದದ್ದು ಬೇರೆ ಇದೆ. ಬೇರೆಯವರ ಮಾಲನ್ನು ಬಾಡಿಗೆಗೆ ಬುಕ್ ಮಾಡಿ ಸಾಗಿಸುವವರು ಕ್ಯಾರೇಜ್ ಬೈ ರೋಡ್ ಆ್ಯಕ್ಟ್ 2007ರ ಕೆಳಗೆ ಕಾಮನ್ ಕ್ಯಾರಿಯರ್ ಅಂತ ನೋಂದಣಿ ಮಾಡಿಸಬೇಕು. 1865ರ ಹಳೆಯ ಕಾನೂನಿನ ಜಾಗಕ್ಕೆ ಬಂದ ಈ ಕಾನೂನು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಎಷ್ಟೋ ಜನ ಮಾಲಕರಿಗೆ ಪರ್ಮಿಟ್ ಇದೆ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಇದೆ, ಆದರೆ ಈ ನೋಂದಣಿ ಇಲ್ಲ. ಅದಿಲ್ಲದೆ ಟ್ಯಾಪಾ ಮಾತಾಡುವುದು ಅಡಿಪಾಯ ಬಿಟ್ಟು ಚಾವಣಿ ಹಾಕಿದ ಹಾಗೆ.

ಹಂತ 1, 2, 3 ಅಂತಾರೆ. ನಮ್ಮಂಥ ಸಣ್ಣವರು ಯಾವುದಕ್ಕೆ ಹೋಗಬೇಕು?

ಇಲ್ಲಿ 1 ಅಂದರೆ ಎಲ್ಲಕ್ಕಿಂತ ಬಿಗಿ, 3 ಅಂದರೆ ಸಡಿಲ. ಶಾಲೆಯ ತರಗತಿಯ ಲೆಕ್ಕ ಇಲ್ಲಿಲ್ಲ, ಉಲ್ಟಾ ಇದೆ. ಒಬ್ಬರು "ನಮಗೆ ಮೊದಲು 1 ಕೊಡ್ರಿ, ಮುಂದಿನ ವರ್ಷ 2 ಮಾಡೋಣ" ಅಂದಿದ್ದರು, ನಕ್ಕುಬಿಟ್ಟಿದ್ದೆ.

1 ಮತ್ತು 2ಕ್ಕೆ ಹೊರಗಿನ ಸ್ವತಂತ್ರ ಆಡಿಟ್ ಸಂಸ್ಥೆಯವರು ಬಂದು ನೋಡಬೇಕು. 3ಕ್ಕೆ ನಿಮ್ಮಲ್ಲೇ ಒಬ್ಬರು ತರಬೇತಿ ಪಡೆದು, ಅಧಿಕೃತ ಆಡಿಟರ್ ಆಗಿ, ಸ್ವತಃ ಪರೀಕ್ಷೆ ಮಾಡಿ ಸಲ್ಲಿಸುವ ದಾರಿಯೂ ಇದೆ. ಸರ್ಟಿಫಿಕೇಟ್ ಮೂರು ವರ್ಷ ನಡೆಯುತ್ತದೆ. ನಡುವಿನ ವರ್ಷಗಳಲ್ಲಿ ನೀವೇ ಸ್ವಂತ ತಪಾಸಣೆ ಮಾಡಿ ದಾಖಲೆ ಇಡಬೇಕು. ಅಲ್ಲೇ ತುಂಬಾ ಜನ ಎಡವುತ್ತಾರೆ. ಸರ್ಟಿಫಿಕೇಟನ್ನು ಫ್ರೇಮ್ ಹಾಕಿಸಿ ಗಣಪತಿ ಫೋಟೋದ ಪಕ್ಕ ತೂಗುಹಾಕಿ ಮರೆತುಬಿಡುತ್ತಾರೆ.

ಎಂಟು ಹತ್ತು ಗಾಡಿ ಇರುವವರಿಗೆ ನನ್ನ ಸಲಹೆ 3ರಿಂದ ಶುರು ಮಾಡಿ. ಎಲ್ಲ ಗಾಡಿಗೂ ಮಾಡಿಸಬೇಕಿಲ್ಲ. ಯಾವ ಗಾಡಿಗಳು ಆ ನಿಯಮದಲ್ಲಿ ಓಡುತ್ತವೆ ಅಂತ ಪಟ್ಟಿ ಇಟ್ಟು, ಆ ಪಟ್ಟಿಯನ್ನು ಸರಿಯಾಗಿ ಇಟ್ಟುಕೊಂಡರಾಯಿತು. ತಾಡಪತ್ರಿ ಕಟ್ಟುವ ಗಾಡಿ ಇಟ್ಟುಕೊಂಡು ಹಂತ 1ರ ಕನಸು ಬೇಡ. ಅದಕ್ಕೆ ಗಟ್ಟಿ ಬಾಡಿಯ ಕಂಟೇನರ್ ಬೇಕು. ಕತ್ತರಿಗೆ ಬಗ್ಗುವ ಗೋಡೆಗೆ ಎಂಥ ಬೀಗ ಹಾಕಿದರೇನು?

ದುಬಾರಿ ಮಾಲು ಅಂದರೆ ಮೊಬೈಲ್ ಮಾತ್ರನಾ? ನಾವು ಮೆಣಸಿನಕಾಯಿ, ಬೀಜ ಹಾಕುವವರು.

ಇದಕ್ಕೆ ನಮ್ಮ ಊರುಗಳಲ್ಲೇ ಉತ್ತರ ಇದೆ. ಬ್ಯಾಡಗಿ ಮೆಣಸಿನಕಾಯಿ ಕ್ವಿಂಟಲ್‌ಗೆ 30,000 ರೂಪಾಯಿ ಅಂತ ಹಿಡಿಯಿರಿ, 10 ಟನ್ ಲೋಡಿಗೆ 30 ಲಕ್ಷ. ಬಾಗಿಲು ಕೂಡ ಇಲ್ಲದ ಗಾಡಿಯಲ್ಲಿ, ಹಗ್ಗ ಬಿಗಿದು ರಾತ್ರಿ ಕಳಿಸುತ್ತೀವಿ. ಅಲ್ಲಿ ಒಂದೆರಡು ಚೀಲ ಹೋದರೆ, ತೂಕ ಕಮ್ಮಿ ಆದದ್ದು "ಒಣಗಿದ್ದಕ್ಕೆ" ಅಂತ ಬರೆದು ಕೈ ತೊಳೆದುಕೊಳ್ಳುವ ರೂಢಿಯೂ ಇದೆ.

ರಾಣೇಬೆನ್ನೂರಿನ ತರಕಾರಿ ಬೀಜ ಇನ್ನೂ ನಾಜೂಕು. ಹೈಬ್ರಿಡ್ ಟೊಮೆಟೊ, ಮೆಣಸಿನ ಬೀಜದ ಒಂದು ಪೆಟ್ಟಿಗೆಯನ್ನು ಹುಡುಗನೊಬ್ಬ ಹೆಗಲ ಮೇಲೆ ಹೊತ್ತು ಹೋಗಬಹುದು. ಬೆಲೆ ಮಾತ್ರ ಗಾಡಿಯ ಅರ್ಧ ಲೋಡಿನಷ್ಟು. ಗದಗ ಕಡೆ ಗಾಳಿ ವಿದ್ಯುತ್ ಕಂಬಗಳಿಗೆ ಹೋಗುವ ತಾಮ್ರದ ಕೇಬಲ್ ಇನ್ನೊಂದು. ಗುಜರಿಗೆ ಹೋದ ಮೇಲೆ ಅದಕ್ಕೆ ಹೆಸರಿಲ್ಲ, ನಂಬರಿಲ್ಲ.

ಕಳ್ಳ ಮೂರು ವಿಷಯ ನೋಡುತ್ತಾನೆ. ಬೇಗ ಮಾರಬಹುದಾ, ಗುರುತು ಹಿಡಿಯೋದು ಕಷ್ಟನಾ, ಹೊರೋದು ಸುಲಭನಾ. ಈ ಮೂರಕ್ಕೂ ಹೌದು ಅನ್ನುವಂಥ ಮಾಲು ಯಾವುದಿದ್ದರೂ ದುಬಾರಿ ಮಾಲೇ. ಬೆಲೆಯ ಸಾಲು ಆಮೇಲೆ.

ನಾವು ಎಲ್ಲ ಗಾಡಿಗೂ ಜಿಪಿಎಸ್ ಹಾಕಿಸಿದ್ದೀವಿ. ಮತ್ತೇನು ಬೇಕು?

ಯಾರು ನೋಡ್ತಾರೆ? ಇದೇ ನನ್ನ ಮೊದಲ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ನಿಮ್ಮ ಗಾಡಿ ತಡಸ ಕ್ರಾಸ್ ಹತ್ತಿರ ನಲವತ್ತು ನಿಮಿಷ ನಿಂತರೆ ಯಾರ ಫೋನ್ ಬಾರಿಸುತ್ತೆ? ಆ ಫೋನ್ ಇರುವವನು ಎದ್ದು ಏನು ಮಾಡಬೇಕು, ಯಾರಿಗೆ ಕರೆ ಮಾಡಬೇಕು, ಎಷ್ಟು ಹೊತ್ತಿಗೆ 112ಕ್ಕೆ ಹೋಗಬೇಕು ಅಂತ ಬರೆದಿದೆಯಾ? ಹೆಚ್ಚಿನ ಕಡೆ ಜಿಪಿಎಸ್ ಮಾಲಕರ ಮಗನ ಮೊಬೈಲಿನಲ್ಲಿ ಇರುತ್ತೆ. ಮಗ ಮಲಗಿರುತ್ತಾನೆ.

ಟಿಎಸ್‌ಆರ್ ಕೇಳುವುದು ಸಾಧನವನ್ನೂ ಹೌದು, ಅದರ ಹಿಂದಿನ ಮನುಷ್ಯನನ್ನೂ ಹೌದು. ಗಾಡಿ ಎಲ್ಲಿದೆ ಅನ್ನೋದರ ಜೊತೆಗೆ ಹಂತಕ್ಕೆ ತಕ್ಕ ಹಾಗೆ ಬಾಗಿಲು ತೆರೆದರೆ ಎಚ್ಚರಿಕೆ, ಡ್ರೈವರ್ ಕ್ಯಾಬಿನ್‌ನಲ್ಲಿ ಸದ್ದಿಲ್ಲದೆ ಒತ್ತುವ ಅಪಾಯದ ಬಟನ್, ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಸರ್, ಇವು ಬರುತ್ತವೆ. ಸಾಧನ ಎಲ್ಲಿ ಕೂರಿಸಿದ್ದಾರೆ ಅನ್ನೋದನ್ನೂ ನೋಡುತ್ತಾರೆ. ನಮ್ಮಲ್ಲಿ ಫಿಟ್ ಮಾಡುವ ಹುಡುಗರು ಅದನ್ನು ಡ್ಯಾಶ್‌ಬೋರ್ಡ್ ಕೆಳಗೆ, ಫ್ಯೂಸ್ ಪಕ್ಕದಲ್ಲೇ ಕಟ್ಟಿಬಿಡುತ್ತಾರೆ. ಕೈ ಹಾಕಿದರೆ ಸಿಗುತ್ತೆ, ಎಳೆದರೆ ಬರುತ್ತೆ. ಬ್ಯಾಟರಿ ವೈರ್ ಕಿತ್ತ ಕೂಡಲೇ ಸಾಧನ ಸತ್ತರೆ ಅದು ಲೆಕ್ಕಕ್ಕಿಲ್ಲ. ಒಳಗೆ ತನ್ನದೇ ಬ್ಯಾಟರಿ ಇರಬೇಕು, ವೈರ್ ಕಿತ್ತಿದ್ದನ್ನೂ ಅದು ಹೇಳಬೇಕು.

ಬಸ್ಸು, ಟ್ಯಾಕ್ಸಿಗಳಿಗೆ ಎಐಎಸ್ 140 ಅನ್ನೋ ಮಾನದಂಡದ ಸಾಧನ, ಅಪಾಯದ ಬಟನ್ ಸಮೇತ, ಆಗಲೇ ಬಂದಿದೆ. ಅಂಗಡಿಯಲ್ಲಿ ಅದೇ ಸುಲಭವಾಗಿ ಸಿಗುತ್ತದೆ, ಶುರುವಿಗೆ ಸಾಕು. ಆದರೆ ಸಿಗ್ನಲ್ ತಡೆಯುವ ಜ್ಯಾಮರ್ ಅನ್ನು ಗುರುತಿಸುವಂಥದ್ದು ಗಿರಾಕಿ ಕೇಳಿದರೆ ಬೇರೆ ನೋಡಬೇಕಾಗುತ್ತದೆ. ಅಂದ ಹಾಗೆ, ಜ್ಯಾಮರ್ ಇಟ್ಟುಕೊಳ್ಳುವುದು ಖಾಸಗಿಯವರಿಗೆ ಕಾನೂನುಬಾಹಿರ. "ನಾವೇ ಒಂದು ತಂದು ಟೆಸ್ಟ್ ಮಾಡೋಣ" ಅಂತ ಹೋಗಬೇಡಿ.

ಸೀಲ್ ಹಾಕಿದರೆ ಮಾಲು ಭದ್ರ ಅಲ್ವಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡ್ತೀನಿ. ಯಾಕಂದ್ರೆ ಇದರಲ್ಲಿ ನಾನೇ ಮೋಸ ಹೋಗಿದ್ದೀನಿ.

ಆಗ ನಾನು ಆಫೀಸಿನಲ್ಲಿದ್ದೆ. ಕಂಟೇನರ್ ಒಂದು ಮುಂಬೈ ಕಡೆಯಿಂದ ಬೆಳಗಿನ ಜಾವ ಬಂತು. ಬಾಗಿಲಿಗೆ ಬೋಲ್ಟ್ ಸೀಲ್ (ನಂಬರ್ ಇರುವ, ಕತ್ತರಿಸಿಯೇ ತೆಗೆಯಬೇಕಾದ ಕಬ್ಬಿಣದ ಸೀಲ್) ಇತ್ತು. ನಂಬರ್ ಎಲ್‌ಆರ್‌ನಲ್ಲಿ, ಅಂದರೆ ಲಾರಿ ರಸೀದಿಯಲ್ಲಿ, ಇದ್ದ ಹಾಗೇ ಇತ್ತು. ನಾನೇ ಸಹಿ ಹಾಕಿ ಸೀಲ್ ಕತ್ತರಿಸಿಸಿದೆ. ಹಮಾಲರು ಇಳಿಸಿ ಎಣಿಸಿದರೆ ಹನ್ನೊಂದು ಪೆಟ್ಟಿಗೆ ಕಡಿಮೆ. ಕಳಿಸಿದವರು "ಸೀಲ್ ಸರಿ ಇದೆ ಅಂತ ನೀವೇ ಬರೆದಿದ್ದೀರಿ" ಅಂದರು. ಡ್ರೈವರ್ ಅಳುತ್ತಾ ನಿಂತಿದ್ದ. ಆ ಮೇಲೆ ಒಬ್ಬ ವಯಸ್ಸಾದ ಮಿಸ್ತ್ರಿ ಬಂದು ಬಾಗಿಲಿನ ಹಿಡಿಕೆಯ ಮೇಲೆ ಬೆರಳು ಎಳೆದ. ಹಿಡಿಕೆಯನ್ನು ಹಿಡಿದಿಡುವ ರಿವಿಟ್ ಜಾಗದಲ್ಲಿ ಒಂದು ಬೋಲ್ಟ್ ಇತ್ತು. ಮೇಲೆ ಅದೇ ಬಣ್ಣ ಬಳಿದಿದ್ದರು. ಉಗುರಿನಿಂದ ಕೆರೆದರೆ ಬಣ್ಣ ಇನ್ನೂ ಮೆತ್ತಗೆ ಬರುತ್ತಿತ್ತು. ಅಂದರೆ ಸೀಲ್ ಮುಟ್ಟದೆ ಹಿಡಿಕೆಯನ್ನೇ ಬಿಚ್ಚಿ, ಬಾಗಿಲು ತೆರೆದು, ಮತ್ತೆ ಕೂರಿಸಿದ್ದರು. ಸೀಲ್ ಮಾತ್ರ ಹೊಸ ಮದುಮಗಳ ಹಾಗೆ ಇತ್ತು.

ಆವತ್ತಿನಿಂದ ಸೀಲ್ ನೋಡುವ ಮೊದಲು ಬಾಗಿಲು ನೋಡುತ್ತೇನೆ. ಕೀಲು, ರಿವಿಟ್, ಹಿಡಿಕೆ, ಅಡ್ಡಪಟ್ಟಿ, ಆಮೇಲೆ ಸೀಲ್. ಸೀಲಿಗೂ ಒಂದು ಕ್ರಮ ಇದೆ. ಕಣ್ಣಿನಿಂದ ನೋಡಿ. ನಂಬರನ್ನು ಕಾಗದದ ಜೊತೆ ತಾಳೆ ಹಾಕಿ, ಓದಿ ಹೇಳಿದ್ದನ್ನು ನಂಬಬೇಡಿ. ಹಿಡಿದು ಜೋರಾಗಿ ಎಳೆಯಿರಿ. ತಿರುಗಿಸಿ. ಕೆಲವು ನಕಲಿ ಸೀಲುಗಳು ತಿರುಪಿದರೆ ಬಿಚ್ಚಿಕೊಳ್ಳುತ್ತವೆ. ನಾಲ್ಕು ಕೆಲಸಕ್ಕೂ ಸೇರಿ ಅರ್ಧ ನಿಮಿಷ ಬೇಡ.

ಸೀಲಿನಲ್ಲೂ ತರಗಳಿವೆ. ಐಎಸ್‌ಒ 17712 ಅನ್ನೋ ಮಾನದಂಡದಲ್ಲಿ ಐ, ಎಸ್, ಎಚ್ ಅಂತ ಮೂರು. ಎಚ್ ಅಂದರೆ ಹೈ ಸೆಕ್ಯೂರಿಟಿ, ಅದನ್ನು ಕತ್ತರಿಸಲು ದೊಡ್ಡ ಬೋಲ್ಟ್ ಕಟರ್ ಬೇಕು. ಪ್ಲಾಸ್ಟಿಕ್ ಪಟ್ಟಿ ಸೀಲ್ ಐ ತರಗತಿಯದು. ಯಾರೋ ಮುಟ್ಟಿದ್ದಾರೆ ಅಂತ ಹೇಳುತ್ತೆ, ತಡೆಯೋದಿಲ್ಲ. ದುಬಾರಿ ಮಾಲಿಗೆ ಎಚ್ ಗುರುತಿನದೇ ಹಾಕಿ.

ಇನ್ನೊಂದು ಮಾತು. ಖಾಲಿ ಸೀಲುಗಳ ಡಬ್ಬಿ ಎಲ್ಲಿಡ್ತೀರಿ? ಒಂದು ಆಫೀಸಿನಲ್ಲಿ ಟೇಬಲ್ ಮೇಲೆ, ಸ್ಟೇಪ್ಲರ್ ಪಿನ್ ಜೊತೆ ಇಟ್ಟಿದ್ದರು. ಅದನ್ನು ಬೀಗ ಹಾಕಿಡಿ, ಕೊಟ್ಟ ಪ್ರತಿ ನಂಬರಿಗೂ ರಿಜಿಸ್ಟರಿನಲ್ಲಿ ಸಹಿ ತಗೊಳ್ಳಿ.

ದಾರಿಯಲ್ಲಿ ಕಳ್ಳತನ ಆದರೆ ಆಫೀಸಿನವರು ಏನು ಮಾಡೋಕಾಗುತ್ತೆ?

ಕಳ್ಳತನ ಆಫೀಸಿನಲ್ಲೇ ಶುರುವಾಗೋದು ಹೆಚ್ಚು. ನನ್ನ ಅನುಭವದಲ್ಲಿ ಗಾಡಿಯ ಬಾಗಿಲು ಮುರಿಯುವ ಮೊದಲು ಆಫೀಸಿನ ಬಾಗಿಲಿನಿಂದ ಸುದ್ದಿ ಹೊರಗೆ ಹೋಗಿರುತ್ತದೆ. ಯಾವ ಗಾಡಿ, ಏನು ಮಾಲು, ಯಾವಾಗ ಹೊರಡುತ್ತೆ. ಈ ಮೂರು ಗೊತ್ತಿದ್ದರೆ ಸಾಕು.

ಸುಮ್ನೆ ಒಂದು ದಿನ ನಿಮ್ಮ ಬುಕಿಂಗ್ ಕೌಂಟರಿನಲ್ಲಿ ಕೂತು ನೋಡಿ. ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಗಾಡಿ ನಂಬರ್, ಎದುರಿಗೆ ಮಾಲಿನ ಹೆಸರು. ಚಹಾ ಹುಡುಗ ಓದುತ್ತಾನೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್‌ಆರ್ ಫೋಟೋ. ಆ ಗುಂಪಿನಲ್ಲಿ ನಲವತ್ತು ಜನ, ಅದರಲ್ಲಿ ಆರು ಜನ ಕೆಲಸ ಬಿಟ್ಟು ಹೋದವರು, ಯಾರೂ ತೆಗೆದಿಲ್ಲ. ಇ-ವೇ ಬಿಲ್ (ಜಿಎಸ್‌ಟಿ ಪ್ರಕಾರ ಮಾಲಿನ ಜೊತೆ ಇರಬೇಕಾದ ಕಾಗದ) ಪ್ರಿಂಟ್ ತೆಗೆದು ಡ್ರೈವರ್ ಕೈಗೆ ಬಿಡಿ ಕಾಗದವಾಗಿ ಕೊಡುತ್ತೀರಿ, ಮೇಲೆ ಮಾಲಿನ ಬೆಲೆ ದಪ್ಪ ಅಕ್ಷರದಲ್ಲಿ.

ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕೇ ಬೇಕು, ಅದನ್ನು ತಪ್ಪಿಸೋಕಾಗಲ್ಲ. ಆದರೆ ಮುಚ್ಚಿದ ಲಕೋಟೆಯಲ್ಲಿ ಕೊಡಬಹುದಲ್ವಾ? ಡಬ್ಬಿಗಳ ಮೇಲೆ ಬ್ರ್ಯಾಂಡ್ ಹೆಸರು ಕಾಣದ ಹಾಗೆ ಕವರ್ ಹಾಕಬಹುದಲ್ವಾ? ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾಲಿನ ಹೆಸರಿನ ಬದಲು ಬರೀ ಬುಕಿಂಗ್ ನಂಬರ್ ಹಾಕಬಹುದಲ್ವಾ? ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಇವು. ಆಡಿಟರ್ ಬಂದಾಗ ಇವನ್ನೇ ಮೊದಲು ನೋಡಲಿ ಅಂತ ನನಗೆ ಆಸೆ.

ಇ-ವೇ ಬಿಲ್ಲಿನ ಅವಧಿಯನ್ನೂ ರೂಟಿನ ಜೊತೆ ಲೆಕ್ಕ ಹಾಕಿ. ಸಾಧಾರಣ ಲೋಡಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನ, ಉಳಿದ ಚೂರಿಗೂ ಒಂದು ದಿನ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿಲೋಮೀಟರ್, ಮೂರು ದಿನ ಸಿಗುತ್ತೆ. ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಆ ಬಿಲ್ಲಿನಲ್ಲಿ ಗಾಡಿ ನಂಬರ್ ಇರುವ ಪಾರ್ಟ್ ಬಿ ಬದಲಿಸಬೇಕು. ಹೀಗೆ ರಾತ್ರಿ ರಸ್ತೆ ಬದಿಯಲ್ಲಿ ಲೋಡ್ ಬದಲಿಸುವ ಹೊತ್ತೇ ಅಪಾಯದ ಹೊತ್ತು. ಯಾರ ಅಪ್ಪಣೆ ಇಲ್ಲದೆ ಅದನ್ನು ಮಾಡಬಾರದು ಅಂತ ಬರವಣಿಗೆಯಲ್ಲಿ ಇರಲಿ.

ಸ್ವಂತ ಗಾಡಿ ಸಾಲದಿದ್ದಾಗ ಬ್ರೋಕರ್ ಹತ್ತಿರ ಮಾರ್ಕೆಟ್ ಗಾಡಿ ತಗೋತೀವಿ. ಆಗ?

ಸರ್ಟಿಫಿಕೇಟ್ ಕೇಳಿ ಕೊಟ್ಟ ಮಾಲನ್ನು ಗಿರಾಕಿಗೆ ಹೇಳದೆ ಮಾರ್ಕೆಟ್ ಗಾಡಿಗೆ ಹಾಕುವಂತಿಲ್ಲ. ಬೇರೆಯವರಿಗೆ ಕೊಡುವುದಾದರೆ ಅವರೂ ಅದೇ ನಿಯಮ ಪಾಲಿಸಬೇಕು. ಸೀಸನ್ ಸಮಯದಲ್ಲಿ ಇದು ಕಷ್ಟ ಅಂತ ಗೊತ್ತು. ಆದರೂ ಮುಂಚೆಯೇ ಹೇಳುತ್ತೇನೆ, ಗಾಡಿಯ ಜೊತೆ ಪೂರಾ ಲೋಡ್ ಮಾಯವಾಗುವ ಪ್ರಕರಣಗಳ ಬಾಗಿಲು ಇದೇ.

ಅದು ಹೀಗೆ ನಡೆಯುತ್ತೆ. ಸಂಜೆ ಆರಕ್ಕೆ ಬ್ರೋಕರ್ ಫೋನ್ ಮಾಡಿ "ಗಾಡಿ ಐತಿ ಅಣ್ಣಾ, ಬಾಡಿಗೆ ಎರಡು ಸಾವಿರ ಕಮ್ಮಿ" ಅಂತಾನೆ. ಗಾಡಿ ಬರುತ್ತೆ, ಆರ್‌ಸಿ ಜೆರಾಕ್ಸ್ ಕೊಡ್ತಾರೆ, ನಂಬರ್ ಪ್ಲೇಟಿಗೆ ಹೊಂದುತ್ತೆ. ಲೋಡ್ ಮಾಡಿ ಅಡ್ವಾನ್ಸ್ ಕೊಟ್ಟು ಕಳಿಸ್ತೀರಿ. ಮೂರನೇ ದಿನ ಫೋನ್ ಸ್ವಿಚ್ ಆಫ್. ಆ ನಂಬರಿನ ನಿಜವಾದ ಗಾಡಿ ಬೇರೆ ರಾಜ್ಯದಲ್ಲಿ ಸಿಮೆಂಟ್ ಹೊಡೀತಿರುತ್ತೆ.

ತಡೆಯೋದಕ್ಕೆ ಹತ್ತು ನಿಮಿಷ ಬೇಕು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಗಾಡಿಯ ಮಾದರಿ, ಎಫ್‌ಸಿ, ಇನ್ಶೂರೆನ್ಸ್ ನೋಡಿ. ಚಾಸಿ ನಂಬರನ್ನು ಗಾಡಿಯ ಮೇಲೆಯೇ ಓದಿ, ಮೂಲ ಆರ್‌ಸಿ ಜೊತೆ ತಾಳೆ ಹಾಕಿ. ಇದಕ್ಕಾಗಿ ಬಗ್ಗಬೇಕು, ಬಟ್ಟೆ ಮಣ್ಣಾಗುತ್ತೆ, ಅದಕ್ಕೇ ಯಾರೂ ಮಾಡಲ್ಲ. ಫಾಸ್ಟ್ಯಾಗ್ ಆ್ಯಪ್ ತೆರೆದು ಹಿಂದಿನ ಎರಡು ಮೂರು ಟೋಲ್ ತೋರಿಸು ಅನ್ನಿ. ಬಂಕಾಪುರ, ಚಳಗೇರಿ ಟೋಲ್ ದಾಟಿ ಬಂದೆ ಅನ್ನುವವನ ಫೋನಿನಲ್ಲಿ ಅದು ಇಲ್ಲದಿದ್ದರೆ ಲೋಡ್ ನಿಲ್ಲಿಸಿ. ಡ್ರೈವರನ್ನು ಗಾಡಿಯ ಮುಂದೆ ನಿಲ್ಲಿಸಿ, ನಂಬರ್ ಪ್ಲೇಟ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಕಳ್ಳ ಬಂದಿದ್ದರೆ ಈ ಫೋಟೋ ಮಾತು ಬಂದಾಗಲೇ "ಮುಂದಿನ ಸಲ ಬರ್ತೀನಿ ಸಾಹೇಬ್ರ" ಅಂತಾನೆ. ಒಮ್ಮೆ ಅಮರಗೋಳದ ಹತ್ತಿರ ಕಣ್ಣಾರೆ ಕಂಡಿದ್ದೇನೆ.

ಡ್ರೈವರ್‌ಗಳಿಗೆ ತರಬೇತಿ ಅಂದರೆ ಅವರು ಒಪ್ತಾರಾ? "ನಮ್ಮನ್ನು ಕಳ್ಳರು ಅಂದ್ಕೊಂಡೀರೇನ್ರಿ" ಅಂತಾರೆ.

ಅನ್ನುತ್ತಾರೆ, ಅವರ ತಪ್ಪೂ ಇಲ್ಲ. ಹೊರಗೆ ಏನು ನಡೆದರೂ ಮೊದಲು ಠಾಣೆಗೆ ಹೋಗುವವನು ಡ್ರೈವರ್. ಹಾಗಾಗಿ ನಾನು ತರಬೇತಿಯನ್ನು "ನಿನ್ನನ್ನು ಉಳಿಸುವ ಕಾಗದ" ಅಂತ ಹೇಳಿ ಶುರು ಮಾಡುತ್ತೇನೆ. ಸೀಲ್ ನೋಡಿ ಸಹಿ ಹಾಕಿದರೆ, ನಿಲ್ಲಿಸಿದ ಕಡೆಯೆಲ್ಲ ಬರೆದಿಟ್ಟರೆ, ನಾಳೆ ಯಾರೂ ನಿನ್ನ ಮೇಲೆ ಕೈ ತೋರಿಸಲು ಆಗಲ್ಲ ಅಂದರೆ ಕಿವಿಗೊಡುತ್ತಾರೆ.

ಹೇಳಿಕೊಡೋದು ದೊಡ್ಡದೇನಿಲ್ಲ. ಲೋಡ್ ಏನು ಅಂತ ಧಾಬಾದಲ್ಲಿ ಹೇಳಬೇಡ. ಲಿಫ್ಟ್ ಕೊಡಬೇಡ. ಯಾರಾದರೂ ಪಕ್ಕ ಬಂದು "ಟೈರ್ ಪಂಚರ್ ಆಗೈತಿ" ಅಂತ ಕೈ ಮಾಡಿದರೆ ಅಲ್ಲೇ ನಿಲ್ಲಿಸಬೇಡ, ಬೆಳಕಿರುವ ಬಂಕ್ ತನಕ ಹೋಗು. ಕೀಲಿ ಗಾಡಿಯಲ್ಲಿ ಬಿಟ್ಟು ಇಳಿಯಬೇಡ. ಬೆದರಿಸಿ ನಿಲ್ಲಿಸಿದರೆ ಮಾಲು ಬಿಡು, ಜೀವ ಇಟ್ಟುಕೊ. ಈ ಕೊನೆಯದನ್ನು ಮಾಲಕರು ತಮ್ಮ ಬಾಯಿಂದಲೇ ಹೇಳಬೇಕು, ಆಗಲೇ ಅವನಿಗೆ ನಂಬಿಕೆ.

ಹಿಂದಿನ ಕೆಲಸದ ವಿಚಾರಣೆ, ಲೈಸೆನ್ಸ್ ಪರಿಶೀಲನೆ, ಪೊಲೀಸ್ ವೆರಿಫಿಕೇಶನ್ ಫೈಲಿನಲ್ಲಿರಲಿ. ಕೆಲಸ ಬಿಟ್ಟವರ ಹತ್ತಿರದ ಕೀಲಿ, ಐಡಿ ಕಾರ್ಡ್, ಆ್ಯಪ್ ಪಾಸ್‌ವರ್ಡ್ ಅವತ್ತೇ ವಾಪಸ್ ತಗೊಂಡಿದ್ದೀರಿ ಅನ್ನೋದಕ್ಕೆ ಸಹಿ ಇರಲಿ. ಮತ್ತು ನಿದ್ದೆ. ಕಾರ್ಮಿಕ ಕಾನೂನು ದಿನಕ್ಕೆ 8 ಗಂಟೆ ಕೆಲಸ ಅನ್ನುತ್ತದೆ. ನಮ್ಮಲ್ಲಿ ಅದನ್ನು ಎಷ್ಟು ಪಾಲಿಸ್ತೀವಿ ಅಂತ ನಿಮಗೇ ಗೊತ್ತು. ಕಣ್ಣು ಮುಚ್ಚಿ ಎಲ್ಲೋ ನಿಲ್ಲಿಸಿದ ಡ್ರೈವರ್ ಆ ಹೊತ್ತಿಗೆ ಗಾಡಿ ಕಾಯುವವನಲ್ಲ. ದುಬಾರಿ ಲೋಡಿಗೆ ಇಬ್ಬರು ಡ್ರೈವರ್ ಹಾಕಿ.

ನಮ್ಮ ರೂಟುಗಳಲ್ಲಿ ಅಪಾಯ ಎಲ್ಲಿ ಅಂತ ಹೇಗೆ ಬರೆಯೋದು?

ರೂಟ್ ರಿಸ್ಕ್ ಅಂತ ಒಂದು ಕಾಗದ ಕೇಳುತ್ತಾರೆ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಹೆಸರು ಬದಲಿಸಿದರೆ ಗೊತ್ತಾಗಿಬಿಡುತ್ತದೆ. ನಿಮ್ಮ ಹಳೆಯ ಡ್ರೈವರ್ ಇಬ್ಬರನ್ನು ಕೂರಿಸಿ ಕೇಳಿ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಉದಾಹರಣೆಗೆ ಹುಬ್ಬಳ್ಳಿಯಿಂದ ಅಂಕೋಲಾ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟಿನಲ್ಲಿ ಲೋಡ್ ಗಾಡಿ ನಡೆಯುವ ಮನುಷ್ಯನ ವೇಗಕ್ಕೆ ಬರುತ್ತದೆ. ಸುತ್ತ ಕಾಡು, ಫೋನ್ ಸಿಗ್ನಲ್ ಆಗಾಗ ಹೋಗುತ್ತದೆ. ತಾಡಪತ್ರಿ ಗಾಡಿಗೆ ಹಿಂದಿನಿಂದ ಹತ್ತುವುದು ಇಂಥಲ್ಲೇ. ಪರಿಹಾರ ಅಂತ ಬರೆಯಬೇಕಾದದ್ದು: ಘಾಟನ್ನು ಹಗಲಿನಲ್ಲಿ ದಾಟಿಸುವುದು, ಮೊದಲೊಂದು ಕರೆ, ದಾಟಿದ ಮೇಲೊಂದು ಕರೆ, ಇಂತಿಷ್ಟು ಹೊತ್ತಿನಲ್ಲಿ ಎರಡನೇ ಕರೆ ಬರದಿದ್ದರೆ ಏನು.

ಪುಣೆ–ಬೆಂಗಳೂರು ಹೆದ್ದಾರಿ 48 ಬೇರೆ ಥರ. ಅಲ್ಲಿ ಓಡುವಾಗ ಭಯ ಕಡಿಮೆ, ನಿಂತಾಗ ಜಾಸ್ತಿ. ಗಬ್ಬೂರಿನಿಂದ ನರೇಂದ್ರದ ತನಕದ ಬೈಪಾಸಿನಲ್ಲಿ ಟ್ರಾಫಿಕ್ ಜಾಮ್ ಆದರೆ ಗಂಟೆಗಟ್ಟಲೆ ನಿಲ್ಲಬೇಕಾಗಿ ಬಂದದ್ದುಂಟು. ಗದಗ–ಕೊಪ್ಪಳ ಕಡೆ ಹೆದ್ದಾರಿ 67, ವಿಜಯಪುರ–ಸೊಲ್ಲಾಪುರ ಕಡೆ 52, ಅಲ್ಲಿ ರಾತ್ರಿ ನಿಲ್ಲಿಸಲು ಬೆಳಕಿನ ಜಾಗ ದೂರ ದೂರ. ನಿಲ್ಲಿಸುವ ಬಂಕು, ಧಾಬಾಗಳ ಪಟ್ಟಿ ನೀವೇ ಮಾಡಿ. ಕಾವಲುಗಾರ, ಕ್ಯಾಮೆರಾ, ಬೆಳಕು, ಕಾಂಪೌಂಡ್ ಇದೆಯಾ ನೋಡಿ. ನಿಲ್ಲಿಸುವಾಗ ಕಂಟೇನರಿನ ಬಾಗಿಲನ್ನು ಗೋಡೆಗೆ ಅಥವಾ ಇನ್ನೊಂದು ಗಾಡಿಗೆ ಅಂಟಿಸಿ ನಿಲ್ಲಿಸಿದರೆ ಯಾವ ಕಟರ್ ತಂದರೂ ಬಾಗಿಲು ತೆರೆಯೋಕಾಗಲ್ಲ. ಹಳೆಯ ಡ್ರೈವರ್‌ಗಳಿಗೆ ಇದು ಯಾರೂ ಹೇಳಿಕೊಡದೆ ಗೊತ್ತು.

ಒಂದು ಒಳ್ಳೆಯ ನಿಯಮ: ಲೋಡ್ ಆದ ಗಾಡಿ ಮೊದಲ ಒಂದೆರಡು ಗಂಟೆ ಎಲ್ಲೂ ನಿಲ್ಲಬಾರದು. ತಾರಿಹಾಳದಲ್ಲಿ ಲೋಡ್ ಮಾಡಿ, ಗಬ್ಬೂರಿನಲ್ಲಿ ಊಟಕ್ಕೆ ನಿಲ್ಲಿಸಿ, ಮನೆಗೆ ಬಟ್ಟೆ ತರಲು ಹೋಗಿ ಬರುವುದು ನಮ್ಮ ರೂಢಿ. ಗೇಟಿನಿಂದ ಹಿಂಬಾಲಿಸಿ ಬಂದವನಿಗೆ ಅದಕ್ಕಿಂತ ಏನು ಬೇಕು? ಊಟ, ಡೀಸೆಲ್, ಬತ್ತಾ, ಬಟ್ಟೆ ಎಲ್ಲ ಲೋಡಿಗೆ ಮೊದಲು.

ಮಾಲು ಹೋದರೆ ನಾವು ಎಷ್ಟು ಕೊಡಬೇಕಾಗುತ್ತೆ? ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ.

ಗಾಡಿಯ ಇನ್ಶೂರೆನ್ಸ್ ಗಾಡಿಗೆ. ಒಳಗಿನ ಮಾಲಿಗೆ ಅದರಲ್ಲಿ ಏನೂ ಇಲ್ಲ. ಇದನ್ನು ಮೊದಲ ಸಲ ಕೇಳಿ ಮುಖ ಸಣ್ಣದು ಮಾಡಿಕೊಂಡ ಮಾಲಕರನ್ನು ಬಹಳ ನೋಡಿದ್ದೇನೆ.

ಕ್ಯಾರೇಜ್ ಬೈ ರೋಡ್ ನಿಯಮಗಳ ಪ್ರಕಾರ, ಕಳಿಸುವವರು ಹೆಚ್ಚಿನ ರಿಸ್ಕ್ ದರ ಕೊಟ್ಟು ಬುಕ್ ಮಾಡದಿದ್ದರೆ, ಕ್ಯಾರಿಯರ್ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಮಿತಿ. ಅದೂ ಘೋಷಿಸಿದ ಬೆಲೆ ದಾಟುವಂತಿಲ್ಲ. ಮೇಲಿನ ಮೆಣಸಿನಕಾಯಿ ಲೋಡಿಗೆ ಬಾಡಿಗೆ 25,000 ಅಂದುಕೊಳ್ಳಿ. ಹತ್ತು ಪಟ್ಟು ಅಂದರೆ 2.5 ಲಕ್ಷ. ಮಾಲು 30 ಲಕ್ಷದ್ದು. ಆದರೆ ಖುಷಿಪಡಬೇಡಿ. ದೊಡ್ಡ ಕಂಪನಿಗಳು ಕರಾರಿನಲ್ಲಿ ಪೂರ್ತಿ ಬೆಲೆ ನೀವೇ ಕೊಡಬೇಕು ಅಂತ ಬರೆಸಿಕೊಂಡಿರುತ್ತಾರೆ. ಸಹಿ ಹಾಕುವ ಮೊದಲು ಆ ಪುಟವನ್ನು ವಕೀಲರಿಗೆ ತೋರಿಸಿ.

ಕಳಿಸುವವರ ಟ್ರಾನ್ಸಿಟ್ ಇನ್ಶೂರೆನ್ಸ್ ಇದ್ದರೂ ನೀವು ಪಾರಾಗಲ್ಲ. ವಿಮೆ ಕಂಪನಿ ಅವರಿಗೆ ಕೊಟ್ಟು, ಅವರ ಹಕ್ಕು ಪಡೆದು, ನಿಮ್ಮ ಮೇಲೆ ಬರುತ್ತದೆ. ಆ ಪಾಲಿಸಿಯಲ್ಲೂ ಎ, ಬಿ, ಸಿ ಅಂತ ಇದೆ. ಬಿ ಅಂದರೆ ಬೆಂಕಿ, ಅಪಘಾತ, ಪಲ್ಟಿ ಇಂಥವು. ಕಳ್ಳತನಕ್ಕೆ ಎ ಬೇಕು, ಇಲ್ಲವೇ ಪ್ರತ್ಯೇಕವಾಗಿ ಸೇರಿಸಿರಬೇಕು. ನಿಮ್ಮ ಕಡೆಯಿಂದ ಕ್ಯಾರಿಯರ್ಸ್ ಲೀಗಲ್ ಲಯಬಿಲಿಟಿ ಪಾಲಿಸಿ ತಗೊಳ್ಳಿ.

ಕಳ್ಳತನ ಆಗೇ ಹೋಯ್ತು. ಮೊದಲ ಗಂಟೆಯಲ್ಲಿ ಏನು ಮಾಡಬೇಕು?

112. ಹೆದ್ದಾರಿಯ ಸಹಾಯಕ್ಕೆ 1033. ಘಟನೆ ನಡೆದದ್ದು ಸೊಲ್ಲಾಪುರದಲ್ಲಿ, ಆಫೀಸ್ ಹುಬ್ಬಳ್ಳಿಯಲ್ಲಿ ಅಂತ ಠಾಣೆಯಿಂದ ಠಾಣೆಗೆ ಅಲೆಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಅದನ್ನೇ ಝೀರೋ ಎಫ್‌ಐಆರ್ ಅನ್ನೋದು. ಸಾಗಾಟದ ಗಾಡಿಯಿಂದ ಮಾಲು ಕದಿಯುವುದು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂಗೆ ಬರುತ್ತದೆ. ಸಾಗಿಸಲು ಕೊಟ್ಟ ಮಾಲನ್ನು ಸಾಗಿಸುವವನೇ ನುಂಗಿದರೆ 316. ಎರಡಕ್ಕೂ ಏಳು ವರ್ಷದ ತನಕ ಶಿಕ್ಷೆ ಇದೆ.

ಗಾಡಿಯನ್ನು ತೊಳೆಯಬೇಡಿ, ಮುರಿದ ಸೀಲ್ ಎಸೆಯಬೇಡಿ. ಒಂದು ಕವರಿನಲ್ಲಿ ಹಾಕಿ ಇಟ್ಟುಕೊಳ್ಳಿ. ಜಿಪಿಎಸ್ ದಾಖಲೆಯನ್ನು ಅವತ್ತೇ ಇಳಿಸಿಕೊಳ್ಳಿ. ಕಂಪನಿಗೆ ಫೋನ್ ಮಾಡಿದ ಹೊತ್ತು ಬರೆದಿಡಿ. ಮಾಲು ಕಳಿಸುವವರಿಗೂ ಒಂದು ಮಾತು: ಕ್ಯಾರಿಯರ್ ಮೇಲೆ ದಾವೆ ಹೂಡುವುದಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. "ಮಾತಾಡಿ ಬಗೆಹರಿಸೋಣ" ಅಂತ ಕಾಯ್ದು ಕೂತವರು ಆ ದಿನ ದಾಟಿಸಿಕೊಂಡದ್ದುಂಟು.

ಆಡಿಟ್ ದಿನ ಏನು ಕೇಳ್ತಾರೆ?

ಕಾಗದ ನೋಡ್ತಾರೆ, ಗಾಡಿ ನೋಡ್ತಾರೆ, ಆಮೇಲೆ ಸೀದಾ ಡ್ರೈವರ್ ಹತ್ತಿರ ಹೋಗಿ "ನಿನಗೆ ಅಪಾಯ ಆದರೆ ಏನು ಒತ್ತುತ್ತೀ, ತೋರಿಸು" ಅಂತಾರೆ. ಅಲ್ಲಿ ಡ್ರೈವರ್ ಮಾಲಕರ ಮುಖ ನೋಡಿದರೆ ಮುಗೀತು. ಕೊರತೆ ಕಂಡರೆ ಬರೆದುಕೊಡುತ್ತಾರೆ, ಸರಿಪಡಿಸಲು ಸಮಯ ಕೊಡುತ್ತಾರೆ, ಅದರಿಂದ ಸರ್ಟಿಫಿಕೇಟ್ ಕೈ ತಪ್ಪಿತು ಅಂತಲ್ಲ. ಹಿಂದಿನ ರಾತ್ರಿ ಕೂತು ಆರು ತಿಂಗಳ ರಿಜಿಸ್ಟರ್ ಒಂದೇ ಪೆನ್ನಿನಲ್ಲಿ ಬರೆದದ್ದು ಮಾತ್ರ ಎಂಥವರಿಗೂ ಗೊತ್ತಾಗುತ್ತೆ. ದಯವಿಟ್ಟು ಬೇಡ.

ಖರ್ಚು?

ಆಡಿಟರ್ ಫೀ ಚಿಕ್ಕ ಪಾಲು. ಬೀಗ, ಸೆನ್ಸರ್, ರಾತ್ರಿ ಪಾಳಿಗೆ ಒಬ್ಬ ಮನುಷ್ಯ, ತರಬೇತಿಗೆ ಗಾಡಿ ನಿಲ್ಲಿಸಿದ ದಿನಗಳು, ಹಣ ಹೋಗೋದು ಅಲ್ಲಿ. ಬಾಡಿಗೆ ಒಂದು ರೂಪಾಯಿಯೂ ಏರಿಸದೆ ಸರ್ಟಿಫಿಕೇಟ್ ಮಾತ್ರ ಕೇಳುವ ಕಂಪನಿಗೆ ಇಲ್ಲ ಅನ್ನುವುದನ್ನೂ ಕಲಿಯಿರಿ. ನನಗೆ ಇದರಲ್ಲಿ ಸಂಕೋಚ ಇಲ್ಲ. ಅವರ ಮಾಲು ಕಾಯುವ ಖರ್ಚನ್ನು ಅವರೂ ಹಂಚಿಕೊಳ್ಳಲಿ.

ಎಇಒ, ಐಎಸ್‌ಒ 28000 ಅಂತಲೂ ಕೇಳಿದ್ದೀವಿ. ಅದಿದ್ದರೆ ಇದು ಬೇಡವಾ?

ಎಇಒ (ಆಥರೈಸ್ಡ್ ಎಕನಾಮಿಕ್ ಆಪರೇಟರ್) ಅನ್ನೋದು ಕಸ್ಟಮ್ಸ್ ಇಲಾಖೆ ಕೊಡುವ ಮಾನ್ಯತೆ. ರಫ್ತು ಆಮದು ಸಾಗಿಸುವವರಿಗೆ ಅದರಲ್ಲಿ ಎಲ್‌ಒ ಅನ್ನೋ ವರ್ಗ ಇದೆ. ಐಎಸ್‌ಒ 28000 ಇಡೀ ಸಂಸ್ಥೆಯ ಭದ್ರತೆ ನಡೆಸುವ ಪದ್ಧತಿಗೆ, 2022ರಲ್ಲಿ ಹೊಸದಾಗಿ ಬಂದಿದೆ. ಮೂರರಲ್ಲೂ ಅರ್ಧ ಕಾಗದ ಒಂದೇ. ಗಿರಾಕಿ ಯಾವುದು ಕೇಳುತ್ತಾನೋ ಅದು ಮಾಡಿಸಿ.

ಬ್ಯಾಂಕಿನ ಹಣ, ಎಟಿಎಂ ಹಣ ಸಾಗಿಸೋಕೂ ಇದೇ ಸಾಕಾ?

ಸಾಲದು. ಅದಕ್ಕೆ ಕೇಂದ್ರ ಗೃಹ ಇಲಾಖೆಯ 2018ರ ನಿಯಮಗಳಿವೆ. ಶಸ್ತ್ರಸಜ್ಜಿತ ಕಾವಲುಗಾರರು, ಒಂದು ಸಲಕ್ಕೆ 5 ಕೋಟಿ ಮಿತಿ, ನಗರದಲ್ಲಿ ರಾತ್ರಿ 9ರ ನಂತರ ಎಟಿಎಂಗೆ ಹಣ ತುಂಬುವಂತಿಲ್ಲ, ಹೀಗೆ. ಅದು ಬೇರೆಯೇ ಧಂಧೆ, ಲಾರಿ ಧಂಧೆಯ ಮುಂದುವರಿಕೆ ಅಂತ ಕೈ ಹಾಕಬೇಡಿ.

ಖಂಡೆ ಪೂಜೆ (ಆಯುಧ ಪೂಜೆ) ದಿನ ಲೋಡ್ ಗಾಡಿ ಇದ್ದರೆ?

ನಗಬೇಡಿ, ಇದನ್ನು ಇಬ್ಬರು ಕೇಳಿದ್ದಾರೆ. ಪೂಜೆ ಮಾಡಿ. ಮುಂದಿನ ಬಂಪರಿಗೆ ಮಾಲೆ, ಟೈರಿಗೆ ನಿಂಬೆಹಣ್ಣು, ಎಲ್ಲ ಸರಿ. ಹಿಂದಿನ ಬಾಗಿಲಿಗೆ ಮಾತ್ರ ಮಾಲೆ ಕಟ್ಟಬೇಡಿ, ಸೀಲಿನ ನಂಬರಿನ ಮೇಲೆ ಕುಂಕುಮ ಹಚ್ಚಬೇಡಿ. ಒಂದು ಸಲ ನಂಬರ್ ಓದಲು ಬಾರದೆ ಇಳಿಸುವ ಕಡೆ ಗಾಡಿಯನ್ನು ಅರ್ಧ ದಿನ ನಿಲ್ಲಿಸಿದ್ದರು. ಡ್ರೈವರ್ ಗಾಡಿ ಮುಂದೆ ನಿಂತು ಫೋಟೋ ತೆಗೆಸಿಕೊಂಡು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದಾದರೆ ಇಳಿಸಿ ಬಂದ ಮೇಲೆ ಹಾಕಲಿ. ಊರ ಹೆಸರು, ಹೊರಡುವ ಹೊತ್ತು ಬರೆದು "ಬನ್ನಿ ಬಂಗಾರ" ಅಂತ ಹಾಕಿದ ಸ್ಟೇಟಸ್ ಒಂದನ್ನು ನಾನೇ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳಿಸಿದ್ದೇನೆ. ಅಷ್ಟರಲ್ಲಿ 62 ಜನ ನೋಡಿದ್ದರು.